ತಕ್ಕಡಿ ಏರಿದ ಕಮಲಾಕ್ಷಮ್ಮ

"ಲೇ ಎಮ್ಮೆ, ನಿಂತ್ಕಳಮ್ಮಿ! ಇದ್ರಲ್ಲಿ ಮೂಟೆ ಯಾವ್ದು, ನೀನ್ಯಾವ್ದು?" ದೇವಸ್ಥಾನದ ಜಗಲಿಯ ಮೇಲಿಂದ ತಿಮ್ಮಪ್ಪಗೌಡರು ಕೂಗಿದರು.

ಅವರ ಮಕ್ಕಳು ನಕ್ಕರು. ಆಲೂಗೆಡ್ಡೆ ಮೂಟೆ ಇಳಿಸಿ ನಾನೂ ನಕ್ಕೆ. ಇಪ್ಪತ್ತು ವರ್ಷ ಅವರ ಹೊಲದಲ್ಲಿ ಗೆಡ್ಡೆ ಕಿತ್ತವಳಿಗೆ ಈ ನಗು ಅಭ್ಯಾಸ. ಹೋದ ವರ್ಷ ಇವರ ಬಾಯಿಗೆ ಹೆದರಿ ಒಂದೇ ಹೊತ್ತು ಉಂಡು, ಹೊಲದಲ್ಲೇ ತಲೆಸುತ್ತಿ ಬಿದ್ದಿದ್ದೆ. ಮೈ ಮಾತ್ರ ಇಳಿಯಲಿಲ್ಲ.

ಅವತ್ತು ಗೌಡರಿಗೆ ಅರವತ್ತು ತುಂಬಿದ ತುಲಾಭಾರ. ಹಳ್ಳಿಮೈಸೂರಿನ ಕಡೆಯ ನಮ್ಮೂರಲ್ಲಿ ತೂಗುವುದು ಆಲೂಗೆಡ್ಡೆಯಲ್ಲಿ. ಗೆಡ್ಡೆ ಕಿತ್ತವರು ನಾವು, ಹೊತ್ತವರು ನಾವು, ತಕ್ಕಡಿ ಎಳೆದು ಕಟ್ಟಿದವನು ನನ್ನ ಗಂಡ ಭೀಮ. ತಕ್ಕಡಿಗೆ ಅರಿಶಿನ ಕುಂಕುಮ ಬಿದ್ದ ಮೇಲೆ ಕೇರಿಯವರಾದ ನಾವು ಬೇವಿನ ಮರದ ಆಚೆ ನಿಲ್ಲಬೇಕು.

ನಮ್ಮ ಕೇರಿಯ ದ್ಯಾವಯ್ಯನ ಮಗಳು ಮಾನಸಾ ಬಂದಿದ್ದಳು. ನನಗಿಂತ ಒಂದು ಸುತ್ತು ದಪ್ಪ, ಎರಡು ಸುತ್ತು ಕಪ್ಪು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹಾಸ್ಟೆಲು, ಸಂಘಗಳನ್ನು ಸುತ್ತಿ, "ನಿಮ್ಮ ಮೈಯನ್ನ ನೀವು ಬೈಕೋಬೇಡಿ, ಬೈಯೋರ್ನೂ ಬಿಡಬೇಡಿ" ಅನ್ನುವುದೇ ಎಂಟು ವರ್ಷದಿಂದ ಅವಳ ಕೆಲಸ. ಫೋನಿನಲ್ಲಿ ಅವಳನ್ನು ನೋಡುವವರು ಸಾವಿರಾರು ಮಂದಿ. ಪಂಚಾಯ್ತಿ ಎಲೆಕ್ಷನ್ನಿಗೆ ಒಂದು ವಿಡಿಯೊ ಆಗಲಿ ಅಂತ ಗೌಡರೇ ಕರೆಸಿದ್ದು. ಕುರ್ಚಿ ಹಾಕಿಸಿದ್ದು ಮಾತ್ರ ಬೇವಿನ ಮರದ ನಮ್ಮ ಕಡೆಗೆ.

ಗೌಡರು ತೂಗಿಸಿಕೊಂಡು ಇಳಿದರು. ಅವರ ತೂಕದ ಗೆಡ್ಡೆ ದೇವಸ್ಥಾನದ ಒಳಗೆ ಹೋಯಿತು. ಇನ್ನೂ ಒಂದೆರಡು ಮೂಟೆ ಮಿಕ್ಕಿತ್ತು. ಮಾನಸಾ ಫೋನು ಎತ್ತಿ ಹಿಡಿದಳು. "ಗೌಡ್ರೇ, ಲೈವ್ ಓಯ್ತಾ ಅದೆ. ಎಣ್ಮಕ್ಳಿಗೂ ಏನಾರ ಯೋಳಿ."

ಲೈವ್ ಅಂದದ್ದೇ ತಡ, ಗೌಡರು ಮೈಕು ಹಿಡಿದರು. "ನಮ್ಮೂರ ಯಾವ ಎಣ್ಮಗಳಾದ್ರೂ ಬಂದು ಕೂತ್ಕಳ್ಲಿ. ಅವ್ಳ ತೂಕದಷ್ಟು ಗೆಡ್ಡೆ ಅವ್ಳ ಮನೆಗೆ. ದ್ಯಾವ್ರ ಮುಂದೆ ಯೋಳ್ತಾ ಇವ್ನಿ!"

ಅರ್ಚಕ ರಂಗಸ್ವಾಮಿ ಗಂಟೆಯನ್ನೂ ಬಾರಿಸಿಬಿಟ್ಟರು. ಗೌಡರ ಮಟ್ಟಿಗೆ ಊರೆಂದರೆ ಅವರ ಬೀದಿ. 'ಕೇರಿಯವರನ್ನು ಬಿಟ್ಟು' ಅಂತ ಹೇಳಬೇಕೆಂಬುದು ಆ ಖುಷಿಯಲ್ಲಿ ಮರೆತುಹೋಗಿತ್ತು.

ಮಾನಸಾ ನನ್ನ ಸೊಂಟ ಚಿವುಟಿದಳು. "ಓಗು ಕಮಲಕ್ಕ."

"ನೀನೇ ಓಗವ್ವ. ನಾಳೆ ಅವ್ರ ಒಲ್ದಲ್ಲೇ ನಾನು ಗೇಯಬೇಕು."

"ನಾನ್ ಕೂತ್ರೆ ಇನ್ನೊಂದು ಭಾಸಣ. ಎಮ್ಮೆ ಅಂದಿದ್ದು ನಿನ್ನ ಕಣಕ್ಕ."

ಕೂತರೆ ಕೆಲಸ ಹೋಗುತ್ತದೆ, ಗೊತ್ತಿತ್ತು. ಆದರೂ ಸೆರಗು ಸೊಂಟಕ್ಕೆ ಸಿಗಿಸಿ, ಬೇವಿನ ಮರ ದಾಟಿ ತಕ್ಕಡಿಯಲ್ಲಿ ಕೂತುಬಿಟ್ಟೆ. ತಟ್ಟೆ ಧಡ್ ಅಂತ ನೆಲಕ್ಕೆ ಬಡಿಯಿತು.

"ಎದ್ದೇಳೇ ಮುಂಡೆ! ಮೈಲ್ಗೆ ಮಾಡ್ಬುಟ್ಳು!" ಗೌಡರ ಕೂಗು ಮೈಕಿನಲ್ಲಿ ಮೂರೂರಿಗೆ ಕೇಳಿಸಿತು.

"ಸಾ, ಲೈವು," ಅಂದಳು ಮಾನಸಾ ಮೆತ್ತಗೆ. "ಎಲ್ಡ್ ಸಾವ್ರ ಜನ ನೋಡ್ತಾವ್ರೆ."

ಗೌಡರು ಅರ್ಚಕರ ಮುಖ ನೋಡಿದರು. ರಂಗಸ್ವಾಮಿ ಬೆವರೊರೆಸಿಕೊಂಡರು. "ಗಂಟೆ ಬಾರ್ಸಿ ಆಯ್ತಲ್ಲ ಗೌಡ್ರೇ. ಕೂತೋರನ್ನ ಸಮ ತೂಗದೆ ಇಳಿಸಿದ್ರೆ ನಿಮ್ಮ ತುಲಾಭಾರಾನೂ ಫಲ ಕೊಡಲ್ಲ."

ಗೌಡರ ಮಕ್ಕಳು ಗೆಡ್ಡೆ ಸುರಿಯತೊಡಗಿದರು. ನಾನು ಕೂತಿದ್ದೆ, ಅವರು ಹೊರುತ್ತಿದ್ದರು. ಎಂಥ ಸುಖ ಅಂತೀರಿ! ಮಿಕ್ಕ ಮೂಟೆಯೆಲ್ಲ ಮುಗಿದರೂ ನನ್ನ ತಟ್ಟೆ ನೆಲ ಬಿಡಲಿಲ್ಲ. ಈ ಮೈಯನ್ನು ಎಷ್ಟು ವರ್ಷ ಶಪಿಸಿದ್ದೆನಲ್ಲ ಅಂತ ಮರುಕವಾಗಿ ತೊಡೆ ಸವರಿಕೊಂಡೆ. ಭೀಮ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟ. ಗಟಗಟ ಕುಡಿದೆ.

"ಆಕಿ, ಇನ್ನೂ ಆಕಿ!" ಕೇರಿಯ ಹೆಂಗಸರು ಚಪ್ಪಾಳೆ ತಟ್ಟಿದರು.

ಹಿಂಗಾರಿಗೆಂದು ಎತ್ತಿಟ್ಟಿದ್ದ ಬಿತ್ತನೆ ಗೆಡ್ಡೆ ತರಲು ಗೌಡರು ಬೀಗದಕೈ ಎಸೆದರು. ಮೈಕನ್ನು ಬದಿಗಿಟ್ಟು ಹಲ್ಲು ಕಡಿದರು. "ನಾಳೆ ಒಲಕ್ಕೆ ಕಾಲಿಡು, ಮುರೀತೀನಿ."

"ನಾಳೆ ಮಾತು ನಾಳೆಗಿರ್ಲಿ ಗೌಡ್ರೇ," ಅಂದೆ, ತಟ್ಟೆಯ ನಡುವಿಗೆ ಸರಿದು ಚಕ್ಕಳಮಕ್ಕಳ ಹಾಕಿ. "ಬಿರ್ನೆ ತರ್ಸಿ. ನಮ್ಮ ಭೀಮ ಬೋಂಡ ತರಕ್ಕೋಗವ್ನೆ."