ಬೇಸಿಗೆಯ ಮಂಜು

"ಏನೂ ಇಲ್ಲಮ್ಮ," ಎಂದು ಡಾಕ್ಟರು ನಕ್ಕರು. ಕಿಟಕಿಯ ಬೆಳಕಿಗೆ ಹಿಡಿದ ಕಪ್ಪು ಫಿಲ್ಮಿನಲ್ಲಿ ಸುಮಲತಾಳ ತಲೆ ಬೂದುಬಣ್ಣದ ಹೋಳುಗಳಾಗಿ ಸಾಲಾಗಿ ಕೂತಿತ್ತು. "ಗಡ್ಡೆ ಇಲ್ಲ, ನೀರು ತುಂಬಿಲ್ಲ. ಎಲ್ಲಾ ಚೊಕ್ಕ ಇದೆ."

ಈ ಮಾತಿಗೆ ಕೈಮುಗಿಯದ ತಾಯಿಯನ್ನು ಡಾಕ್ಟರ್ ಅರುಣಕುಮಾರ್ ಇದುವರೆಗೆ ಕಂಡಿರಲಿಲ್ಲ. ಗಂಗಾಂಬಿಕಾ ಕುರ್ಚಿಯ ತುದಿಗೆ ಸರಿದು ಫಿಲ್ಮನ್ನು ದಿಟ್ಟಿಸಿದಳು.

"ಇನ್ನೊಮ್ಮಿ ನೋಡ್ರಿ ಸಾಹೇಬ್ರ. ಮೂಲ್ಯಾಗ ಎಲ್ಲೆರ ಸಣ್ಣದೇನರ ಇರಬೌದು."

"ಇರ್ಲಿ ಅಂತೀರೇನು?"

"ಇದ್ದಿದ್ರ ಚಲೋ ಇತ್ರಿ."

ದಾವಣಗೆರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು, ಊರಿಗೆ ಹೋಗುವ ದಾರಿಯಲ್ಲಿ ತಾಯಿ ಮಗಳು ಈ ಡಾಕ್ಟರಿಗೆ ಫಿಲ್ಮು ತೋರಿಸಲು ಹರಪನಹಳ್ಳಿಯಲ್ಲಿ ಇಳಿದಿದ್ದರು. ಇನ್ನೊಂದು ಬಸ್ಸು ಹಿಡಿದರೆ ಹೂವಿನಹಡಗಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅವರ ಹಳ್ಳಿ, ಅವರ ಮಲ್ಲಿಗೆ ಹೊಲ. ಮನೆಯಲ್ಲಿ ಅತ್ತೆ ಅನ್ನದಾನಮ್ಮ ಕಾಯುತ್ತಿದ್ದಳು. ಹೊರಡುವಾಗಲೇ ಆಕೆ ಮಾತು ಮುಗಿಸಿದ್ದಳು: "ಮಿಷನ್ನಾಗ ಏನರ ಕಂಡ್ರ ನಿಮ್ಮ ಡಾಕ್ಟ್ರು ಹೇಳಿದಂಗ ಆಗ್ಲಿ. ಏನೂ ಕಾಣ್ಲಿಲ್ಲಂದ್ರ ಮೈಲಪ್ಪನ್ನ ಕರಸ್ತೀನಿ."

ಮೈಲಪ್ಪ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದು ಕೆಂಡವಾದ ಮೇಲೆ ಹಣೆಯ ಎರಡೂ ಬದಿಯ ಕಣತಲೆಗೆ ಬರೆ ಕೊಡುತ್ತಿದ್ದ. ಅದರಿಂದ ತಲೆನೋವು ಹೋಗುತ್ತದೆ ಎನ್ನುವುದಕ್ಕೆ ಸಾಕ್ಷಿ ಆ ಮನೆಯಲ್ಲೇ ಓಡಾಡಿಕೊಂಡಿತ್ತು. ಸೊಸೆಯಾಗಿ ಬಂದ ಹೊಸದರಲ್ಲಿ ಗಂಗಾಂಬಿಕಾ ತಲೆ ಹಿಡಿದುಕೊಂಡು ಹೊರಳಾಡಿದ್ದಳು. ಮೈಲಪ್ಪ ಬಂದು ಬರೆ ಕೊಟ್ಟಿದ್ದ; ಸುಟ್ಟ ಅರಿಶಿನದ ವಾಸನೆ ಪಡಸಾಲೆ ತುಂಬಿತ್ತು. ಆಮೇಲೆ ಒಂದು ದಿನವೂ ಆಕೆಯ ಬಾಯಲ್ಲಿ ತಲೆನೋವೆಂಬ ಮಾತು ಬಂದಿರಲಿಲ್ಲ. ಅನ್ನದಾನಮ್ಮ ಇದನ್ನು ಓಣಿಗೆಲ್ಲ ಹೇಳಿದ್ದಳು. ಆಕೆಯ ಮಾತು ಕೇಳಿ ಎಷ್ಟೋ ಮಕ್ಕಳ ಹಣೆಗೆ ಬರೆ ಬಿದ್ದಿತ್ತು.

ಸುಮಲತಾ ಈಗ ಹತ್ತನೆಯ ತರಗತಿ. ನೋವು ಬಂದ ದಿನ ಶಾಲೆಯ ಗಂಟೆ ಅವಳ ತಲೆಬುರುಡೆಯೊಳಗೇ ಬಾರಿಸುತ್ತಿತ್ತು. ಬೆಳಕು ಕಂಡರೆ ವಾಂತಿ. ಹಡಗಲಿಯ ಡಾಕ್ಟರು ಮೊದಲು ಗುಳಿಗೆ ಕೊಟ್ಟು, ಆಮೇಲೆ ಕನ್ನಡಕ ಹಾಕಿಸಿದ್ದರು. ಕನ್ನಡಕದಿಂದ ಆದದ್ದಿಷ್ಟೆ, ಹುಡುಗಿಯರು "ಟೀಚರಮ್ಮ" ಎಂದು ಕರೆಯತೊಡಗಿದರು.

ಡಾಕ್ಟರು ಫಿಲ್ಮನ್ನು ಲಕೋಟೆಗೆ ಸೇರಿಸಿದರು. ಎದ್ದು ಹೋಗಿ ಎನ್ನಲಿಲ್ಲ. ಸ್ಟೂಲು ಎಳೆದುಕೊಂಡು ಹುಡುಗಿಯ ಎದುರಿಗೆ ಕೂತರು.

"ನೋವು ಸುರುವಾಗೋಕೆ ಮುಂಚೆ ಕಣ್ಣಿಗೆ ಏನಾದ್ರೂ ಕಾಣ್ತದಾ?"

ಇದನ್ನು ಯಾರೂ ಕೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಜ್ಜಿ ಗಾಳಿ ಬಿಡಿಸುವವರನ್ನೂ ಕರೆಸಿಯಾಳೆಂಬ ಹೆದರಿಕೆ.

"ಚೂರ್‍ರಿ... ಬಳಿ ಚೂರು. ಬಿಸಲಾಗ ಹೊಳದಂಗ..." ಅವಳು ಮಾತಿಗೆ ತಡಕಾಡಿದಳು.

"ಎಡಗಡಿಂದ ಬರ್ತಾವು," ಎಂದಳು ಗಂಗಾಂಬಿಕಾ. "ಅಂಚು ಗರಗಸದ ಹಲ್ಲಿದ್ದಂಗ ಇರ್ತೈತಿ. ನಡುವ ಬಂದು ನಿಂತ್ರ ಎದುರಿಗಿದ್ದೋರ ಅರ್ಧ ಮಾರಿ ಕಾಣಂಗಿಲ್ಲ. ಅವು ಹೋದ ಮ್ಯಾಲೆ ಬಡಿಯಾಕ ಸುರು ಆಗ್ತೈತಿ."

ಸುಮಲತಾ ತಾಯಿಯ ಕಡೆ ತಿರುಗಿದಳು.

"ನಾ ನಿನಗ ಇದನ್ನ ಹೇಳೇ ಇಲ್ಲಲ್ಲವ್ವ."

ಗಂಗಾಂಬಿಕಾ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಎಳೆಯುವ ಮೊದಲೇ ಡಾಕ್ಟರು ನೋಡಿಬಿಟ್ಟಿದ್ದರು: ಎರಡೂ ಕಡೆ, ಕೂದಲಂಚಿನಲ್ಲಿ, ಹುಣಸೆಬೀಜದಷ್ಟು ಕಪ್ಪು ಕಲೆ.

"ನಿಮಗೆ ಈಗಲೂ ಬರ್ತದಾ?"

"ನಂದು ಬಿಡ್ರಿ. ಬರ್ತೈತಿ, ಹೋಗ್ತೈತಿ."

"ಬಂದಾಗ ಏನು ಮಾಡ್ತೀರಿ?"

"ಏನ್ ಮಾಡ್ತಾರ್‍ರಿ, ಹೂ ಬಿಡಸ್ತೀನಿ. ನನ್ನ ತಲಿ ನೋಯ್ತೈತಿ ಅಂದ್ರ ಮಗ್ಗಿ ಅರಳದಂಗ ನಿಲ್ತಾವೇನು? ಅರಳಿದ ಹೂವು ಯಾರ್ ತಗೋತಾರ?"

ಸುಮಲತಾ ಅವ್ವನನ್ನೇ ನೋಡುತ್ತಿದ್ದಳು. ನಸುಕಿನಲ್ಲಿ ಮಲ್ಲಿಗೆ ಸಾಲುಗಳ ನಡುವೆ ತಲೆಗೆ ಬಟ್ಟೆ ಬಿಗಿದುಕೊಂಡು ಬಗ್ಗಿರುವ ಅವ್ವ. ಯಾಕೆ ಎಂದರೆ "ಮಂಜು ಬೀಳ್ತೈತಿ" ಎನ್ನುವಳು. ಗಂಟು ಎಷ್ಟು ಬಿಗಿಯೆಂದರೆ ಹಣೆಯ ಮೇಲಿನ ಗೆರೆ ಮಧ್ಯಾಹ್ನದವರೆಗೂ ಮಾಯುತ್ತಿರಲಿಲ್ಲ. ಒಗ್ಗರಣೆಗೆ ಅರಿಶಿನ ಹಾಕುವ ಮುಂಚೆ ಬಾಣಲೆಯನ್ನು ಒಲೆಯಿಂದ ನೆಲಕ್ಕಿಳಿಸುವ ಅವ್ವ. "ಒಲಿ ಮ್ಯಾಲಿದ್ದಾಗ್ಲೇ ಹಾಕ್ಬೇಕು, ಹಸಿ ವಾಸ್ನಿ ಹೋಗ್ತೈತಿ. ತವರಾಗ ಇಷ್ಟೂ ಕಲಿಸ್ಲಿಲ್ಲೇನು?" ಎಂದು ಅಜ್ಜಿ ದಿನವೂ ಅನ್ನುವಳು. ಅವ್ವ ಅದೊಂದನ್ನು ಮಾತ್ರ ಕೇಳುತ್ತಿರಲಿಲ್ಲ. ಸುಟ್ಟ ಅರಿಶಿನದ ವಾಸನೆ ಆ ಅಡುಗೆಮನೆಯಲ್ಲಿ ಎಂದೂ ಎದ್ದಿರಲಿಲ್ಲ.

"ಇದಕ್ಕೆ ಮೈಗ್ರೇನ್ ಅಂತಾರೆ," ಎಂದರು ಡಾಕ್ಟರು. "ಸ್ಕ್ಯಾನ್‌ನಲ್ಲಿ ಕಾಣಲ್ಲ. ಕಾಣದೇ ಇದ್ರೂ ಇರ್ತದೆ. ತಾಯಿಗಿದ್ರೆ ಮಕ್ಕಳಿಗೂ ಬರೋದು ಹೆಚ್ಚು. ಪೂರ್ತಿ ಹೋಗ್ತದೆ ಅಂತ ಮಾತು ಕೊಡಲ್ಲ, ಹಿಡಿತಕ್ಕೆ ತರಬಹುದು. ಬಳೆಚೂರು ಕಂಡ ಕೂಡ್ಲೇ ಗುಳಿಗೆ ತಗೋಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕತ್ತಲ ಕೋಣೆಯಲ್ಲಿ ಮಲಗಬೇಕು. ಇಬ್ರೂ."

"ನಾನೂನಾ?" ಗಂಗಾಂಬಿಕಾ ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. "ಹಗಲೊತ್ತು ನಾ ಮಕ್ಕಂಡ್ರ ನಮ್ಮತ್ತಿ ಊರ ಕೂಡಸ್ತಾಳ್ರಿ." ಬಾಗಿಲಲ್ಲಿ ನಿಂತು ತಿರುಗಿದಳು. "ಬರಿ ಕೊಟ್ರ ಹೋಗಂಗಿಲ್ಲೇನ್ರಿ ಇದು?"

"ಅದನ್ನ ನೀವೇ ಹೇಳ್ಬೇಕಮ್ಮ."

ಬಸ್ಸಿನಲ್ಲಿ ಆಕೆಯ ತುಟಿ ಅಲುಗುತ್ತಿತ್ತು. ಮೈಗ್ರೇನ್. ಹೊಸ ಬಳೆಯನ್ನು ಕೈಗೆ ಏರಿಸಿ ಇಳಿಸಿ ನೋಡುವವಳಂತೆ ಆಕೆ ಆ ಹೆಸರನ್ನು ಹೇಳಿ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಹೂ ಬಿಡಿಸಿ ಬರುವಷ್ಟರಲ್ಲಿ ಮೈಲಪ್ಪ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ. ಮುಂದೆ ಹಣತೆ, ಅದರ ಪಕ್ಕ ಅರಿಶಿನದ ಕೊಂಬು. ಅನ್ನದಾನಮ್ಮ ಮೊಮ್ಮಗಳ ಜಡೆಯನ್ನು ಎತ್ತಿ ಕಟ್ಟುತ್ತಿದ್ದಳು.

"ಬಾರವ್ವ ಗಂಗವ್ವ," ಎಂದ ಮೈಲಪ್ಪ. ಕೈ ನಡುಗುವಷ್ಟು ವಯಸ್ಸಾಗಿತ್ತು ಅವನಿಗೆ. "ತಾಯಿಗೂ ನಾನ, ಮಗಳಿಗೂ ನಾನ."

"ಬ್ಯಾಡ ಮೈಲಪ್ಪಜ್ಜ. ಡಾಕ್ಟ್ರು ಹೆಸರು ಹೇಳ್ಯಾರ. ಮೈಗ್ರೇನ್ ಅಂತ."

"ಹೆಸರು ಹೇಳಿದ್ರ ಹೋಗ್ತೈತೇನು?" ಎಂದಳು ಅನ್ನದಾನಮ್ಮ. "ಮಿಷನ್ನಾಗ ಏನೂ ಇಲ್ಲಂತ ನೀನ ನಿನ್ನಿ ಹೇಳಿದಿ. ನಿನ್ನ ತಲಿನೋವು ಯಾವ ಡಾಕ್ಟ್ರು ಬಿಡಿಸಿದ್ರು? ಈ ಮನಶ್ಯಾನ ಕೈ ಬಿಡಿಸ್ತು."

"ಬಿಟ್ಟಿಲ್ಲ ಅತ್ತಿ."

"ಏನು ಬಿಟ್ಟಿಲ್ಲ?"

"ನನ್ನ ತಲಿನೋವು. ಅವತ್ತೂ ಬಿಡ್ಲಿಲ್ಲ, ಇವತ್ತಿಗೂ ಬಿಟ್ಟಿಲ್ಲ."

ಅನ್ನದಾನಮ್ಮನ ಕೈ ಜಡೆಯಲ್ಲೇ ನಿಂತಿತು. ಆಮೇಲೆ ಆಕೆ ನಕ್ಕಳು. "ಮಗಳ ಸಲುವಾಗಿ ಸುಳ್ಳು ಹೇಳಬ್ಯಾಡ. ಈ ಮನ್ಯಾಗ ನೀ ಒಂದಿನ ಹಗಲೊತ್ತು ಮಕ್ಕಂಡಿದ್ದು ನಾ ನೋಡಿಲ್ಲ."

"ಬ್ಯಾಸಿಗ್ಯಾಗ ಮಂಜು ಬೀಳ್ತೈತೇನಜ್ಜಿ?" ಎಂದಳು ಸುಮಲತಾ.

"ಮಂಜ್ಯಾಕ ಬೀಳ್ತೈತಿ?"

"ಮತ್ತ ಅವ್ವ ಬ್ಯಾಸಿಗ್ಯಾಗೂ ತಲಿಗಿ ಬಟ್ಟಿ ಕಟ್ಟತಾಳಲ್ಲ?"

ಅಜ್ಜಿ ಸೊಸೆಯನ್ನು ನೋಡಿದಳು. ಹೊಲದಿಂದ ಆಗಷ್ಟೆ ಬಂದಿದ್ದ ಗಂಗಾಂಬಿಕಾಳ ತಲೆಯ ಮೇಲೆ ಬಟ್ಟೆ ಇನ್ನೂ ಇತ್ತು. ಆಕೆ ಗಂಟನ್ನು ನಿಧಾನವಾಗಿ ಬಿಚ್ಚಿದಳು. ಹಣೆಗೆ ಅಡ್ಡವಾಗಿ ಕೆಂಪು ಗೆರೆ. ಅದರ ಎರಡೂ ತುದಿಗೆ ಆ ಹಳೆಯ ಕಲೆಗಳು.

"ಬಿಟ್ಟಿಲ್ಲಂದ್ರ ನನಗ ಹೇಳ್ಬೇಕಿತ್ತಲ್ಲವ್ವ," ಎಂದ ಮೈಲಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರ ಇನ್ನೊಂದ್ಸಲ ಕೊಡ್ತಿದ್ದಿ."

ಗಂಗಾಂಬಿಕಾ ಬಗ್ಗಿ ಹಣತೆಯ ಬತ್ತಿಯನ್ನು ಬೆರಳಿಂದ ಹಿಸುಕಿ ಆರಿಸಿದಳು. ಹೊಸ್ತಿಲೊಳಗೆ ಹಾಗೆ ದೀಪ ಆರಿಸುವುದು ಸಲ್ಲದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೈಲಪ್ಪ ಅರಿಶಿನದ ಕೊಂಬನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದ.

ಅನ್ನದಾನಮ್ಮ ಸೊಸೆಯೊಂದಿಗೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಬೆಕ್ಕಿಗೋ ಬಾಗಿಲಿಗೋ ಹೇಳುತ್ತಿದ್ದಳು.

ಹಾಗೇ ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಗಂಗಾಂಬಿಕಾ ಸಾಲಿನ ನಡುವೆಯೇ ನಿಂತುಬಿಟ್ಟಳು. ಮುಂದಿನ ಗಿಡದ ಅರ್ಧ ಕಾಣೆಯಾಗಿತ್ತು. ಕೈ ಅಭ್ಯಾಸದಿಂದ ಹೆಗಲ ಮೇಲಿನ ಬಟ್ಟೆಗೆ ಹೋಯಿತು, ಅಲ್ಲೇ ತಡೆಯಿತು. ಆಕೆ ಬುಟ್ಟಿಯನ್ನು ಗಂಡ ಗುರುಸಂಗಪ್ಪನ ಕೈಗೆ ಕೊಟ್ಟು ಮನೆಗೆ ನಡೆದಳು.

ಸುಮಲತಾ ಗುಳಿಗೆ, ನೀರು ತಂದುಕೊಟ್ಟಳು. ಒಳಕೋಣೆಯ ಕಿಟಕಿಗೆ ಕೌದಿ ಇಳಿಬಿಟ್ಟಳು. ಹೊರಗೆ ಬಿಸಿಲೇರಿದ ಹೊತ್ತಿನಲ್ಲಿ ಅವ್ವ ಚಾಪೆಯ ಮೇಲೆ ಕಾಲು ಚಾಚಿ, ಮೊದಲು ಗೋಡೆಯ ಕಡೆ, ಆಮೇಲೆ ಅಂಗಾತ ಮಲಗಿದಳು. ಮಲಗುವುದು ಹೇಗೆಂದು ಆಕೆಗೆ ಗೊತ್ತಿದ್ದಂತಿರಲಿಲ್ಲ.

"ನೋಡಿದ್ಯಾ," ಎಂದು ಅಡುಗೆಮನೆಯಲ್ಲಿ ಅಜ್ಜಿ ಬೆಕ್ಕಿಗೆ ಹೇಳಿದಳು. "ಈ ಹೊತ್ನ್ಯಾಗ ಮಕ್ಕಂಡಾಳ ಮಾರಾಯ್ತಿ. ಸಾರು ನಾ ಕಾಸ್ಬೇಕು."

ಬಾಗಿಲ ಸಂದಿಯಿಂದ ಸುಮಲತಾಳಿಗೆ ಅಜ್ಜಿಯ ಬೆನ್ನು ಕಾಣುತ್ತಿತ್ತು. ಎಣ್ಣೆ ಕಾಯಿತು. ಸಾಸಿವೆ ಚಟಪಟ ಸಿಡಿದು ಸುಮ್ಮನಾಯಿತು. ಅಜ್ಜಿ ಅರಿಶಿನದ ಡಬ್ಬಿಯ ಮುಚ್ಚಳ ತೆರೆದಳು. ಚಿಟಿಕೆ ಎತ್ತಿದಳು. ಎತ್ತಿದ ಕೈ ಬಾಣಲೆಯ ಮೇಲೆ ಹಾಗೇ ನಿಂತಿತು.

ಒಳಕೋಣೆಯ ಕಡೆ ಒಮ್ಮೆ ನೋಡಿ, ಅಜ್ಜಿ ಇನ್ನೊಂದು ಕೈಗೆ ಸೆರಗು ಸುತ್ತಿಕೊಂಡಳು. ಸದ್ದಾಗದ ಹಾಗೆ ಬಾಣಲೆಯನ್ನು ಒಲೆಯಿಂದ ನೆಲಕ್ಕಿಳಿಸಿದಳು. ಎಣ್ಣೆಯ ಗುಳ್ಳೆಗಳು ಅಡಗುವವರೆಗೆ ಕಾದಳು.