ಸೋರದ ನಲ್ಲಿಗೆ ಶೂಟಿಂಗು

ಮೊದಲೇ ಹೇಳಿಬಿಡುತ್ತೇನೆ ಸ್ವಾಮಿ, ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವ ಗಂಡು ಈ ಏರಿಯಾದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲಿ ಬೆರಳು ಚೀಪುತ್ತಿದ್ದಾನೆ. ಈ ಕಥೆ ಹಿಡಿಸದಿದ್ದರೆ ಅರ್ಧ ಮೀಸೆ ಬೋಳಿಸುತ್ತೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ವಿಷಯ.

ನಾಯಕಿಯ ಎಂಟ್ರಿ. ಸ್ಲೋ ಮೋಷನ್ ಇಲ್ಲ, ಗಾಳಿಗೆ ಹಾರುವ ಕೂದಲೂ ಇಲ್ಲ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಸೀಮೆಸುಣ್ಣ. ಶಾಲೆಯ ವಿಜ್ಞಾನದ ಟೀಚರ್. ಬೀದಿಯವರು ಇಟ್ಟ ಹೆಸರು ವಾಷರ್ ಟೀಚರ್. ಯಾಕೆಂದರೆ ಅವಳ ಪಾಠ ನಡೆಯುತ್ತಿದ್ದದ್ದೇ ಬೀದಿಯವರ ನಲ್ಲಿಗಳ ಕೆಳಗೆ. ಮಕ್ಕಳು ಸೋರುವ ನಲ್ಲಿಗೆ ಲೋಟ ಹಿಡಿಯಬೇಕು, ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಬೇಕು, ದಿನಕ್ಕೆ ಎಷ್ಟು ಕೊಡ ನೀರು ಚರಂಡಿ ಪಾಲು ಅಂತ ಲೆಕ್ಕ ಹಾಕಬೇಕು, ಆಮೇಲೆ ಸವೆದ ವಾಷರ್ ಕಿತ್ತು ಹೊಸದು ಕೂರಿಸಬೇಕು. ಗಣಿತವೂ ಆಯಿತು, ವಿಜ್ಞಾನವೂ ಆಯಿತು, ನಲ್ಲಿಯ ಗೊಣಗಾಟವೂ ನಿಂತಿತು.

ಮೊದಮೊದಲು ಯಾರೂ ಬಾಗಿಲು ತೆಗೆಯಲಿಲ್ಲ. "ಈ ಕೋತಿ ಸೈನ್ಯಾನ ಒಳಗೆ ಬಿಟ್ರೆ ಇರೋ ನಲ್ಲೀನೂ ಹೋಗತ್ತೆ" ಎಂದರು. ಮೊದಲು ಬಾ ಎಂದವನು ಮೂಲೆಯ ಇಸ್ತ್ರಿ ಅಂಗಡಿಯ ಅಣ್ಣ. ಅವನ ನಲ್ಲಿ ಸೋರುವುದು ನಿಂತಿದ್ದೇ ತಡ, ಬೀದಿಯ ಬಾಗಿಲೆಲ್ಲ ತೆರೆದುಕೊಂಡವು.

ಮನೆಯಲ್ಲಿ ಅತ್ತೆಯ ಬಾಯಿ ಮಾತ್ರ ನಿಲ್ಲಲಿಲ್ಲ. ಅದಕ್ಕೆ ವಾಷರ್ ಇನ್ನೂ ಯಾರೂ ಕಂಡುಹಿಡಿದಿಲ್ಲ.

"ನಮ್ಮ ಸೊಸೆ ಎಮ್ಮೆಸ್ಸಿ ಕಣ್ರೀ. ಓದಿದ್ದು ಅಷ್ಟೊಂದು, ಮಾಡೋದು ಕೊಳಾಯಿ ರಿಪೇರಿ. ನಿಮ್ಮನೇಲಿ ಏನಾದ್ರೂ ಕಟ್ಕೊಂಡಿದ್ರೆ ಹೇಳಿ, ಕಳಿಸ್ತೀನಿ!"

ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ಆ ನಗು ಅವಳನ್ನು ಅತ್ತೆಯ ಮಾತಿಗಿಂತ ಹೆಚ್ಚು ಸುಡುತ್ತಿತ್ತು. ಹೀಗಿರುವಾಗ, ಮಕ್ಕಳಿಗೂ ಊರಿಗೂ ಉಪಯೋಗವಾಗುವ ಹೊಸ ಬಗೆಯ ಬೋಧನೆಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ಅವಳು ಆಯ್ಕೆಯಾದಳು. ಅವಳಿಗಿದ್ದ ಆಸೆ ಒಂದೇ. ಆ ಪ್ರಶಸ್ತಿಯ ಫಲಕವನ್ನು ನಡುಮನೆಯಲ್ಲಿ, ಅತ್ತೆಯ ಕುರ್ಚಿಯ ಎದುರಿಗೇ, ಮೊಳೆ ಹೊಡೆದು ನೇತುಹಾಕಬೇಕು.

ತೀರ್ಪುಗಾರರು ವಿಡಿಯೋ ಕೇಳಿದರು: ಮೊದಲು ಹೇಗಿತ್ತು, ಈಗ ಹೇಗಿದೆ.

ಹೆಡ್ಮಾಸ್ಟರು ತಲೆ ಕೆರೆದುಕೊಂಡರು. "ಈಗಿಂದು ತೆಗೀಬಹುದು. ಮೊದಲಿಂದಕ್ಕೆ ಎಲ್ಲಿಗೆ ಹೋಗಣ? ಎಲ್ಲಾ ರಿಪೇರಿ ಮಾಡಿ ಕೂತಿದೀರಲ್ಲಮ್ಮ!"

"ಬೇರೆ ಬೀದೀಲಿ ತೆಗೆಯೋಣ ಸರ್."

"ಅದೇ ಜಾಗ ಬೇಕಂತೆ. ಒಂದು ವಾಷರ್ ಬಿಚ್ಚಿ, ಶೂಟಿಂಗ್ ಆದ್ಮೇಲೆ ಹಾಕಿ. ಸಿನಿಮಾದೋರು ಇಡೀ ಮನೇನೇ ಸುಡ್ತಾರೆ, ನೀವು ಒಂದು ವಾಷರ್‌ಗೆ ಹಿಂದೆ ಮುಂದೆ ನೋಡ್ತೀರಾ?"

ಟೀಚರ್ ಹಿಂದೆ ಮುಂದೆ ನೋಡಿದಳು. ಮುಂದೆ ಅತ್ತೆಯ ಕುರ್ಚಿ ಕಂಡಿತು.

ಶೂಟಿಂಗಿಗೆ ಆರಿಸಿದ್ದು ಮೂಲೆಯ ಇಸ್ತ್ರಿ ಅಂಗಡಿ. ಇಸ್ತ್ರಿಯಣ್ಣ "ಸ್ವಲ್ಪ ಅಂಗಡಿ ನೋಡ್ಕೊಳಿ ಮೇಡಂ" ಎಂದು ನಂಬಿ ಊಟಕ್ಕೆ ಹೋಗಿದ್ದ. ಅವಳು ವಾಷರ್ ಬಿಚ್ಚಿದಳು. ನಲ್ಲಿ ತೊಟ್ಟಿಕ್ಕತೊಡಗಿತು. ಮಕ್ಕಳು ಲೋಟ ಹಿಡಿದು, ಹೆಡ್ಮಾಸ್ಟರು ಮೊಬೈಲ್ ಹಿಡಿದು ನಿಂತಿದ್ದರು.

"ಏನಮ್ಮ ಇದು, ನಲ್ಲಿ ಸೋರ್ತಿದೆಯೋ ಬಿಕ್ಕಳಿಸ್ತಿದೆಯೋ? ಇನ್ನೂ ಸ್ವಲ್ಪ ಸಡಿಲ ಮಾಡಿ!"

ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ತಿರುಗಿಸಿದಳು. ತುಕ್ಕು ಹಿಡಿದ ಪೈಪು ಅಷ್ಟಕ್ಕೇ ಕಾಯುತ್ತಿತ್ತೇನೋ, ನಲ್ಲಿ ಕಿತ್ತು ಕೈಗೆ ಬಂತು. ನೀರು ನೇರವಾಗಿ ಕಪಾಟಿಗೆ ಹಾರಿತು. ಆಸ್ಪತ್ರೆಯ ನರ್ಸುಗಳ ಯೂನಿಫಾರ್ಮು, ಯಾರದೋ ಕೋಟು, ಮಡಿಸಿಟ್ಟ ರಾಶಿಯೆಲ್ಲ ತೊಯ್ದು ತುಕ್ಕಿನ ಬಣ್ಣ ಹಿಡಿಯಿತು. ಅದೇ ಹೊತ್ತಿಗೆ ಇಸ್ತ್ರಿಯಣ್ಣ ಬಂದ. ತಲೆಯ ಮೇಲೆ ಕೈ ಹೊತ್ತು ನಿಂತ.

ಹೆಡ್ಮಾಸ್ಟರು ಮೊಬೈಲ್ ಇಳಿಸಲಿಲ್ಲ. "ಆಹಾ, ಎಂಥ ಎಕ್ಸ್‌ಪ್ರೆಶನ್ನು!" ಎಂದು ಗೊಣಗಿದರು.

"ಹೇಗಾಯ್ತು ಮೇಡಂ?" ಎಂದ ಇಸ್ತ್ರಿಯಣ್ಣ.

ಟೀಚರ್ ಸ್ಪ್ಯಾನರನ್ನು ಸೆರಗಿನೊಳಗೆ ಸರಿಸಿದಳು. "ಪೈಪು ಹಳೇದಾಗಿತ್ತಲ್ಲಣ್ಣ. ತಾನಾಗೇ ಕಿತ್ಕೊಂತು."

ಮಕ್ಕಳು ಅವಳ ಮುಖವನ್ನೇ ನೋಡಿದರು.

"ಸದ್ಯ, ನೀವಿದ್ರಿ. ಇಲ್ಲಾಂದ್ರೆ ಪೂರ್ತಿ ಮುಳುಗಿಹೋಗ್ತಿತ್ತು" ಎಂದು ಇಸ್ತ್ರಿಯಣ್ಣ ಕೈ ಮುಗಿದ. ಅದೇ ವಾರ ಆಸ್ಪತ್ರೆಯವರು ಬೇರೆ ಅಂಗಡಿ ಹಿಡಿದರು.

ಪ್ರಶಸ್ತಿ ಬಂತು. ಸಮಾರಂಭಕ್ಕೆ ಬೀದಿಯವರನ್ನೆಲ್ಲ ಕರೆದರು. ಇಸ್ತ್ರಿಯಣ್ಣ ಮಕ್ಕಳ ಸಾಲಿನಲ್ಲಿ ಕೂತ. ಪರದೆಯ ಮೇಲೆ 'ಮೊದಲು' ಎಂದು ದೊಡ್ಡ ಅಕ್ಷರ ಬಂತು. ಅದರ ಕೆಳಗೆ ಚಿಮ್ಮುವ ನೀರು, ತೊಯ್ದ ಬಟ್ಟೆ, ತಲೆಯ ಮೇಲೆ ಕೈ ಹೊತ್ತ ಅವನೇ. ಮಕ್ಕಳು ನಲ್ಲಿ ಸರಿಮಾಡಿ ಎಷ್ಟೋ ಕಾಲದ ಮೇಲೆ ಆದದ್ದು ಇದು. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಕುರ್ಚಿಯಿಂದ ಅರ್ಧ ಎದ್ದ.

ಆಗ ನಮ್ಮ ನಾಯಕಿ ಮೈಕ್ ಕಿತ್ತುಕೊಂಡಳು! "ನಿಲ್ಲಿಸಿ! ಆ ನಲ್ಲಿ ಕಿತ್ತಿದ್ದು ಈ ಕೈ! ನನ್ನ ಮಕ್ಕಳಿಗೆ ಸುಳ್ಳು ಕಲಿಸೋ ಫಲಕ ನನಗೆ ಬೇಡ!" ಎಂದು ಗುಡುಗಿದಳು. ಸಭೆಯೇ ಎದ್ದು ನಿಂತಿತು. ಅತ್ತೆ ಕಣ್ಣೊರೆಸಿಕೊಂಡಳು...

ಇಲ್ಲ ಸ್ವಾಮಿ. ಈ ಸೀನು ನಾನೇ ಕಟ್ಟಿದ್ದು. ಬಾಯಿಗೆ ಕಹಿ ಹತ್ತಿತು, ಸಕ್ಕರೆ ಹಾಕಲು ಹೋದೆ. ನಡೆದದ್ದು ಹೇಳಿಬಿಡುತ್ತೇನೆ.

ಸಮಾರಂಭದ ನಿರೂಪಕ ಕೇಳಿದ, "ಮೇಡಂ, ಆ ಅಂಗಡಿ ಮೊದಲು ಹೀಗೇ ಇತ್ತಾ?"

ಅವಳು ಅರ್ಧ ಎದ್ದು ನಿಂತವನನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಕೂತ ಅತ್ತೆಯನ್ನು ನೋಡಿದಳು. ಮೈಕಿಗೆ ಬಾಯಿ ಹತ್ತಿರ ತಂದಳು.

"ಹೌದು. ಹೀಗೇ ಇತ್ತು."

ಇಸ್ತ್ರಿಯಣ್ಣ ಕೂತುಕೊಂಡ. ಪಕ್ಕದ ಮಕ್ಕಳ ಕಡೆ ತಿರುಗಿದ. ಅವರು ಅವನ ಕಡೆ ನೋಡದೆ ಚಪ್ಪಾಳೆ ತಟ್ಟುತ್ತಿದ್ದರು.