ಗೊಂಬೆಯ ಎದೆ

ಗೊಂಬೆಗೆ ಈ ಸಲ ಹೊಸ ಅಂಗಿ ಹಾಕಿದ್ದಾರೆ, ಕಡುನೀಲಿ ಅಂಗಿ, ಅಂಗಡಿಯ ಮಡಿಕೆ ಕೂಡ ಇನ್ನೂ ಬಿಟ್ಟಿಲ್ಲ, ಅವತ್ತು ಎದೆ ಒತ್ತುವುದು ಕಲಿಸಿದಾಗ ಬಿಳಿ ಬನಿಯನ್ ಇತ್ತಲ್ಲ — ವಾರ್ಡ್‌ಬಾಯ್ ಒಬ್ಬ ಅದನ್ನು ಕಂಕುಳಲ್ಲಿ ಇರುಕಿಕೊಂಡು ವೇದಿಕೆ ಹತ್ತುತ್ತಿದ್ದಾನೆ, ಕೈಯಿಲ್ಲದ, ಕಾಲಿಲ್ಲದ, ಸೊಂಟಕ್ಕೇ ಮುಗಿದುಹೋದ ಗೊಂಬೆ, ಅದರ ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದುಕೊಂಡಿದೆ, ಸಭೆಯನ್ನೆಲ್ಲ ತಲೆಕೆಳಗಾಗಿ ನೋಡುತ್ತಿದೆ — ಕಡುನೀಲಿಯೇ ಯಾಕೆ ಬೇಕಿತ್ತು, ಲೋಕದಲ್ಲಿ ಬೇರೆ ಬಣ್ಣಕ್ಕೆ ಬರಗಾಲ ಬಂದಿತ್ತೇ, ಎಂದುಕೊಂಡ ಬೇಕರಿಯವನು ಮೂರನೇ ಸಾಲಿನ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡ, ಕಡುನೀಲಿಯ ಮೇಲೆ ಮೈದಾ ಎಷ್ಟು ಬೆಳ್ಳಗೆ ಎದ್ದು ಕಾಣುತ್ತದೆಂದು ಇವರಿಗೇನು ಗೊತ್ತು, ಒಂದು ಬಿಳಿ ಅಂಗೈ, ಐದೂ ಬೆರಳು ಬಿಡಿಬಿಡಿಯಾಗಿ — ಬೇಡ, ಅದು ಬೇಡ, ವೇದಿಕೆ ನೋಡು, ಕರೆದಿದ್ದಾರೆ, ಬಂದಿದ್ದೀಯ, ಮರ್ಯಾದೆಯಾಗಿ ವೇದಿಕೆ ನೋಡು. ವೇದಿಕೆಯ ಮೇಲೆ ನಿರೂಪಕಿ, ಅವಳ ನಗು ಸಂಜೆಯಿಂದ ಒಂದು ಕ್ಷಣವೂ ಇಳಿದಿಲ್ಲ, ಎಂಟು ಊರಿನ ಆಸ್ಪತ್ರೆಗಳು ಸೇರಿ ನಾವೆಲ್ಲ ಒಂದೇ ಕುಟುಂಬ ಅನ್ನುತ್ತಾಳೆ, ಈ ವರ್ಷದ ಸಾಧಕರು ಅನ್ನುತ್ತಾಳೆ, ಹೆಸರು ಪೂರ್ತಿ ಬಾಯಿಂದ ಬೀಳುವ ಮೊದಲೇ ಚಪ್ಪಾಳೆ, ಬಟ್ಟೆ ಒಗೆಯುವ ವಿಭಾಗಕ್ಕೊಂದು ಫಲಕ, ರಕ್ತ ಪರೀಕ್ಷೆಯವರಿಗೊಂದು ಫಲಕ, ಈಗ ಆಂಬ್ಯುಲೆನ್ಸ್ ಡ್ರೈವರ್, ಕರೆದ ಕಡೆಗೆ ಎಲ್ಲರಿಗಿಂತ ಬೇಗ ತಲುಪಿದವರು, ಜೋರಾಗಿ ಚಪ್ಪಾಳೆ ಬರಲಿ — ಕುಳ್ಳಗೆ, ಮೀಸೆ ಹಣ್ಣಾದ ಮನುಷ್ಯ, ಫಲಕ ಹೇಗೆ ಹಿಡಿಯಬೇಕೆಂದು ತಿಳಿಯದೆ ಸ್ಟೀರಿಂಗ್ ಹಿಡಿದ ಹಾಗೆ ಹಿಡಿದಿದ್ದಾನೆ, ಎಲ್ಲರೂ ನಗುತ್ತಾರೆ, ಬೇಕರಿಯವನಿಗೆ ಗೊತ್ತು ಆ ಕೈ, ಸ್ಟ್ರೆಚರಿನ ತಲೆಯ ಕಡೆ ಹಿಡಿದಿದ್ದು ಅದೇ ಕೈ, ನಿಜವಾಗಿಯೂ ಬೇಗ ಬಂದಿದ್ದ ಪುಣ್ಯಾತ್ಮ, ಅವನ ಮೇಲೆ ಹೇಳುವುದೇನೂ ಇಲ್ಲ.

ಅಪ್ಪ, ನೀನು ಅಲ್ಲೂ ಇದ್ದೀಯ ನೋಡು, ಮಗಳು ಪಿಸುಗುಟ್ಟಿದಳು, ಹೌದು, ವೇದಿಕೆಯ ಹಿಂದಿನ ಪರದೆಯ ಮೇಲೂ ಅವನೇ, ಹೊರಗೆ ಗೇಟಿನಲ್ಲಿ ತೂಗುಹಾಕಿದ ಅದೇ ಫೋಟೋ, ಗೊಂಬೆಯ ಎದೆಯ ಮೇಲೆ ಎರಡು ಕೈ, ಬಾಯಿತುಂಬ ನಗು, ಮೇಲೆ ದಪ್ಪಕ್ಷರದಲ್ಲಿ ನಿಮ್ಮ ಕೈಯಲ್ಲೇ ಒಂದು ಜೀವ — ಮನೆಯಲ್ಲಿ ಒಬ್ಬಳೇ ಇರಲು ಆಗುವುದಿಲ್ಲ ಈ ಮಗುವಿಗೆ ಈಗ, ಅಡುಗೆಮನೆಯ ಕಡೆ ಒಬ್ಬಳೇ ಹೋಗುವುದಿಲ್ಲ, ನಾನೂ ಬರ್ತೀನಪ್ಪ ಅಂದಳು, ಕೈಹಿಡಿದು ಕರೆತಂದ. ಫೋನು ಮಾಡಿದ ಹುಡುಗಿಗೆ ಏನೂ ಗೊತ್ತಿರಲಿಲ್ಲ, ಸರ್, ನಮ್ಮ ಕಾರ್ಯಕ್ರಮಕ್ಕೆ ನೀವೇ ಮುಖ ಸರ್, ಸಿಸ್ಟರಿಗೆ ಈ ವರ್ಷದ ದೊಡ್ಡ ಪ್ರಶಸ್ತಿ ಬಂದಿದೆ, ನೀವು ಬಂದು ಗೊಂಬೆ ಮೇಲೆ ಒಂದೇ ಒಂದು ನಿಮಿಷ ಮಾಡಿ ತೋರಿಸಿ, ಮನೆಯವರನ್ನೂ ಕರ್ಕೊಂಡು ಬನ್ನಿ — ಆಗಲಿ ಅಂದುಬಿಟ್ಟ, ಯಾಕೆ ಒಪ್ಪಿದ ಅಂದರೆ, ಸಿಸ್ಟರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ, ಒಬ್ಬರೇ ಸಿಕ್ಕಾಗ, ಮೆಟ್ಟಿಲ ಹತ್ತಿರವೋ ಕೈತೊಳೆಯುವಲ್ಲಿಯೋ, ಹಿಟ್ಟು ಕಲಸುವಾಗಲೂ ಕನಸಿನಲ್ಲೂ ಆ ಮಾತನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದಾನೆ, ಸಿಸ್ಟರೇ, ಒತ್ತುವಾಗ ಸದ್ದು ಬಂದ್ರೆ ಏನರ್ಥ. ಅವತ್ತು ಬಡಾವಣೆಯ ಭವನದಲ್ಲಿ ಅವರೇ ಹೇಳಿಕೊಟ್ಟಿದ್ದು, ಉಸಿರು ನಿಂತು ಬಿದ್ದವರ ಎದೆ ಒತ್ತಿ ಆಂಬ್ಯುಲೆನ್ಸ್ ಬರುವ ತನಕ ಜೀವ ಹಿಡಿದಿಡುವುದು, ದಪ್ಪ ಕನ್ನಡಕದ ಸಿಸ್ಟರು, ಮೊಮ್ಮಕ್ಕಳಿರುವವರನ್ನೂ ಅಣ್ಣ ಅಕ್ಕ ಅನ್ನುವ ಸಿಸ್ಟರು, ಎದೆಯ ನಟ್ಟನಡುವೆ ಅಂಗೈ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸಬೇಡಿ, ಗಟ್ಟಿಯಾಗಿ ಒತ್ತಿ, ಗೊಂಬೆ ಟಕ್ ಅಂದ್ರೆ ಸರಿಯಾಗಿ ಒತ್ತಿದ್ದೀರಿ ಅಂತ — ಬಟ್ಟೆ ಅಂಗಡಿಯವನು ಹೊಟ್ಟೆ ಒತ್ತಿದ, ಏನಣ್ಣ ಅಜೀರ್ಣಕ್ಕೆ ಮದ್ದು ಮಾಡ್ತಿದ್ದೀರಾ ಅಂತ ಸಿಸ್ಟರು ಅಂದರೆ ಭವನವೆಲ್ಲ ನಗು, ಟೀಚರಮ್ಮನಿಗೆ ಗೊಂಬೆಯ ಮುಖ ನೋಡಿಯೇ ನಗು, ಇವನು ಕೈಯಿಟ್ಟಿದ್ದೇ ತಡ ಟಕ್ ಟಕ್ ಟಕ್, ಒಂದೂ ತಪ್ಪಿಲ್ಲ, ದಿನಾ ಹಿಟ್ಟು ನಾದೋ ಕೈ ಅಂದ್ರೆ ಹೀಗಿರ್ಬೇಕು, ನಿಮ್ಮ ಕೈಗುಣ ಚೆನ್ನಾಗಿದೆ ಅಣ್ಣ, ಒಂಚೂರು ನಗಿ ಅಂದ ಫೋಟೋದವನು, ನಕ್ಕ, ಆ ನಗುವೇ ಈಗ ಅಲ್ಲಿ ಇಷ್ಟಗಲ. ಮನೆಗೆ ಬಂದು ದಿಂಬಿನ ಮೇಲೆ ತೋರಿಸಿದರೆ ಹೆಂಡತಿ, ಆಹಾ, ನನ್ನ ಕಾಲು ಸ್ವಲ್ಪ ಒತ್ತಿ ಅಂದ್ರೆ ಕೈ ಬಿದ್ದುಹೋಗಿದೆ ಅಂತೀರ, ಊರವರ ಗೊಂಬೆಗೆ ಎಂಥ ಸೇವೆ — ಬಾರೇ, ನಿನ್ನ ಮೇಲೇ ತೋರಿಸ್ತೀನಿ — ಅಯ್ಯಯ್ಯೋ ದೂರ ಇರಿ, ಇರೋ ನಾಲ್ಕು ಎಲುಬೂ ಪುಡಿಯಾಗುತ್ತೆ, ನಾನೇನು ಮೈದಾಹಿಟ್ಟಾ, ಮಗಳು ಬಿದ್ದು ಬಿದ್ದು ನಕ್ಕಳು, ಅವಳೂ ನಕ್ಕಳು, ಕೆಮ್ಮು ಬರುವಷ್ಟು ನಕ್ಕು ಎದೆ ಹಿಡಿದುಕೊಂಡಳು, ಆಗಲೇ ಏನಾದರೂ ಇತ್ತೋ ಏನೋ, ಯಾರಿಗೆ ಗೊತ್ತು, ನಗುವಾಗ ಎಲ್ಲರೂ ಎದೆ ಹಿಡಿದುಕೊಳ್ಳುತ್ತಾರೆ.

ಆಮೇಲೊಂದು ದಿನ ಸಂಜೆಯ ಬನ್ನಿಗೆ ಹಿಟ್ಟು ನಾದುತ್ತಿದ್ದ, ಹಿಟ್ಟು ಆಗಷ್ಟೇ ಕೈಗೆ ಅಂಟುವುದನ್ನು ಬಿಟ್ಟಿತ್ತು, ಬೇಕರಿಯ ಹಿಂದಿನ ಮನೆಯಿಂದ ಅಪ್ಪಾ ಅಂದಳು ಮಗಳು, ಕರೆಯುವ ಅಪ್ಪಾ ಅಲ್ಲ ಅದು — ಓಡಿದ, ಒದ್ದೆ ನೆಲ, ತೊಳೆದ ಪಾತ್ರೆಗಳು ಸಾಲಾಗಿ ಬೋರಲು, ಇವಳು ಫ್ರಿಜ್ಜಿನ ಪಕ್ಕ ಅಂಗಾತ, ಕಡುನೀಲಿ ನೈಟಿ, ಒಂದು ಕೈ ಬೆನ್ನ ಕೆಳಗೆ ಸಿಕ್ಕಿಕೊಂಡಿದೆ, ನೋಯುವುದಿಲ್ಲವೇನೇ ಹಾಗೆ ಮಲಗಿದರೆ, ಕರೆದ, ಅಲ್ಲಾಡಿಸಿದ, ಆಂಬ್ಯುಲೆನ್ಸಿಗೆ ಮಾಡು ಪುಟ್ಟಿ, ಮಾಡಿದೆ ಅಪ್ಪ, ಮಾಡಿದೆ, ಹೊರಟಿದ್ದಾರಂತೆ — ಮಂಡಿಯೂರಿದ, ಕೈಯೊರೆಸಿಕೊಳ್ಳಲೂ ಹೊತ್ತಿರಲಿಲ್ಲ, ನಟ್ಟನಡುವೆ ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸಬೇಡಿ, ಒತ್ತಿದ, ಒತ್ತಿದ, ಕಿವಿ ಟಕ್‌ಗೆ ಕಾಯುತ್ತಿತ್ತು, ಮೂರ್ಖ ಕಿವಿ, ಹೆಂಡತಿ ಟಕ್ ಅನ್ನುತ್ತಾಳೆಯೇ, ಟಕ್ ಬರಲಿಲ್ಲವೆಂದು ಇನ್ನೂ ಗಟ್ಟಿಯಾಗಿ ಒತ್ತಿದ, ಆಗ ಲಟಕ್ ಅಂತು. ರಸ್ಕು ಮುರಿದ ಹಾಗೆ. ಕಿವಿಗಿಂತ ಮೊದಲು ಅಂಗೈಗೆ ಕೇಳಿತು ಅದು, ಅಂಗೈಯ ಕೆಳಗೆ ಏನೋ ಇದ್ದದ್ದು ಇಲ್ಲವಾಯಿತು, ಮಗಳಿಗೂ ಕೇಳಿತು, ಅಪ್ಪಾ ಬಿಡು, ಮುರೀತು, ಅಮ್ಮಂಗೆ ನೋವಾಗ್ತಿದೆ, ಬಿಡಪ್ಪಾ ಬಿಡು, ಮೊಣಕೈಗೆ ಬಿದ್ದು ಎಳೆದಳು, ನಾಲ್ಕು ಬೆರಳು ಮೊಣಕೈಯೊಳಗೆ ನಾಟಿದವು, ಕೈ ಎತ್ತಿಬಿಟ್ಟ. ಎತ್ತಿ ನೋಡಿದ. ಕಡುನೀಲಿಯ ಮೇಲೆ ಒಂದು ಬಿಳಿ ಅಂಗೈ, ಐದೂ ಬೆರಳು ಬಿಡಿಬಿಡಿಯಾಗಿ, ಅಚ್ಚು ಹಾಕಿದ ಹಾಗೆ. ಮತ್ತೆ ಮುಟ್ಟಲಿಲ್ಲ, ಮುಟ್ಟಲು ಧೈರ್ಯವಾಗಲಿಲ್ಲ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲು ಸವರುತ್ತ ಕೂತ, ಬರ್ತಾರೆ ಕಣೇ, ಈಗ ಬರ್ತಾರೆ, ಬಂದೇಬಿಟ್ಟರು, ಆ ಕುಳ್ಳ ಮನುಷ್ಯ ಎಷ್ಟು ಬೇಗ ಬಂದ ಅಂದರೆ ಅವಳ ಕೆನ್ನೆ ಇನ್ನೂ ಬೆಚ್ಚಗಿತ್ತು. ಸ್ಟ್ರೆಚರ್ ಆಸ್ಪತ್ರೆಯ ಗೇಟು ದಾಟುವಾಗ ತಲೆಯೆತ್ತಿದರೆ ಮೇಲೆ ತಾನೇ ನಗುತ್ತಿದ್ದಾನೆ. ಒಳಗೆ ಡಾಕ್ಟರು, ಯಾರಾದ್ರೂ ಎದೆ ಒತ್ತಿದ್ರಾ, ಇಲ್ಲ ಸರ್, ನಮಗೆ ಅದೆಲ್ಲ ಗೊತ್ತಿಲ್ಲ — ಬಾಯಿ ತಾನಾಗಿಯೇ ಹೇಳಿತು, ಹಿಟ್ಟಿನ ಗುರುತು ಅಲ್ಲೇ ಇತ್ತು, ಡಾಕ್ಟರು ನೋಡಲಿಲ್ಲವೋ ನೋಡಿ ಸುಮ್ಮನಾದರೋ, ಬರೋಷ್ಟರಲ್ಲಿ ಮುಗಿದಿತ್ತು ಅಂದರು, ಭಾವಮೈದುನ ಬಂದು ಹಣೆಬರಹ ಭಾವ ಅಂದ, ಹಣೆಬರಹವಂತೆ, ಎಲುಬು ಹೋಗಿ ಹೃದಯಕ್ಕೆ ಚುಚ್ಚಿದ್ದು ಹಣೆಬರಹವೇ, ಕೈಗುಣ ಅನ್ನಪ್ಪ, ಕೈಗುಣ. ಅಪ್ಪ, ಅಮ್ಮಂಗೆ ತುಂಬಾ ನೋವಾಯ್ತಾ, ಒಂದೇ ಸಲ ಕೇಳಿದ್ದಳು ಮಗಳು, ಇಲ್ಲ ಪುಟ್ಟಿ ಅಂದಿದ್ದ, ನೀನು ಬಿಡಿಸಿದೆಯಲ್ಲ ಅಂದಿದ್ದ, ಕೊಂದವನು ನಾನು, ಆ ಮಗುವಾದರೂ ಅಮ್ಮನ ಕಡೆ ನಿಂತಿತು, ಅದರ ಮನಸ್ಸಾದರೂ ತಣ್ಣಗಿರಲಿ, ಅಷ್ಟು ಉಳಿದರೆ ಸಾಕು ಅಂದುಕೊಂಡೇ ಇಷ್ಟು ದಿನ ಒಲೆ ಹಚ್ಚುತ್ತಿದ್ದಾನೆ.

ಅಪ್ಪ, ನಿನ್ನನ್ನೇ ಕರೀತಿರೋದು, ಏಳು — ಎದ್ದ, ಕಾಲು ತಾನಾಗಿಯೇ ನಡೆಯಿತು, ಮೆಟ್ಟಿಲು, ಬೆಳಕು, ಸಿಸ್ಟರ ಕೈಯಲ್ಲಿ ಹೂಗುಚ್ಛ, ಫಲಕ, ಕನ್ನಡಕದೊಳಗೆ ನೀರು, ಪಾಪ, ಒಳ್ಳೆಯ ಹೆಂಗಸು, ಬೀದಿ ಬೀದಿ ಅಲೆದು ಕಲಿಸಿದವರು, ಸಂತೋಷ ಸುಳ್ಳಲ್ಲ ಅವರದು, ನಮ್ಮ ಬೇಕರಿಯಣ್ಣ ಬಂದ್ರು ಎಂದು ಮೈಕಿನಲ್ಲಿ ಅಂದು, ಮೈಕು ಪಕ್ಕಕ್ಕೆ ಸರಿಸಿ, ಹೇಗಿದ್ದೀರಣ್ಣ, ಅತ್ತಿಗೆ ಬಂದಿಲ್ವಾ — ಇಲ್ಲ ಸಿಸ್ಟರೇ, ಬಂದಿಲ್ಲ — ಕೇಳು, ಈಗಲೇ ಕೇಳಿಬಿಡು, ಇಷ್ಟು ಹತ್ತಿರ ಮತ್ತೆ ಸಿಗುವುದಿಲ್ಲ, ಅಷ್ಟರಲ್ಲಿ ಅವರು ಸಭೆಯ ಕಡೆ ತಿರುಗಿಯಾಯಿತು, ಮಂಡಿಯೂರಿ ಅಣ್ಣ, ಹಾಂ, ಕೈಯಿಡಿ, ನೋಡಿ ಎಲ್ಲರೂ, ಎಷ್ಟು ಸರಿಯಾದ ಜಾಗ ನೋಡಿ, ಟಕ್, ಟಕ್, ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು, ಒತ್ತುತ್ತಾ ಇರಿ ಅಣ್ಣ, ನಾನು ಒಂದು ಮಾತು ಹೇಳ್ತೀನಿ, ಹೋದ ವರ್ಷ ಇದನ್ನ ಹೇಳಿರಲಿಲ್ಲ, ಜನ ಹೆದರ್ತಾರೆ ಬಿಡಿ ಅಂದಿದ್ರು, ಈ ವರ್ಷದಿಂದ ಪಾಠದಲ್ಲಿ ಸೇರಿಸಿದ್ದೀವಿ — ಟಕ್ — ಗೊಂಬೆ ಟಕ್ ಅನ್ನುತ್ತೆ, ಮನುಷ್ಯರ ಎದೆ ಹಾಗಲ್ಲ — ಟಕ್ — ಪಕ್ಕೆಲುಬು ಲಟಕ್ ಅನ್ನಬಹುದು, ಎಷ್ಟೋ ಜನರಿಗೆ ಹಾಗಾಗುತ್ತೆ, ಅದಕ್ಕೆ ನೀವು ತಪ್ಪು ಮಾಡಿದ್ರಿ ಅಂತಲ್ಲ, ಎಲುಬು ಮುರಿದ್ರೆ ಕೂಡಿಕೊಳ್ಳುತ್ತೆ, ಹೋದ ಜೀವ ಬರಲ್ಲ, ಸದ್ದು ಬಂತು ಅಂತ ಕೈ ಎತ್ತಬೇಡಿ, ಪಕ್ಕದಲ್ಲಿರೋರು ಯಾರೇ ಅಳಲಿ, ಯಾರೇ ಬಿಡು ಅನ್ನಲಿ, ಬಿಡಬೇಡಿ, ಆಂಬ್ಯುಲೆನ್ಸ್ ಬರೋವರೆಗೆ ಬಿಡಲೇಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ತುಂಬಿದ ಸಭೆಯಲ್ಲಿ, ಮೈಕಿನಲ್ಲಿ, ಮೂರನೇ ಸಾಲಿಗೂ ಸ್ಪಷ್ಟವಾಗಿ ಕೇಳುವಂತೆ ಆಡಿಯಾಯಿತು, ತಾನು ಕೇಳದಿದ್ದ ಪ್ರಶ್ನೆಗೆ ಉತ್ತರ ಬಂದಾಯಿತು — ಚುಚ್ಚಿರಲಿಲ್ಲ, ಒತ್ತಿದ್ದು ಸರಿಯೇ ಇತ್ತು, ಕೊಂದದ್ದು ಒತ್ತಿದ್ದಲ್ಲ, ಎತ್ತಿದ್ದು, ಎತ್ತಿಸಿದ್ದು — ಬೇಡ, ಅಲ್ಲಿ ನೋಡಬೇಡ, ನೋಡಿದ, ಮೂರನೇ ಸಾಲಿನಲ್ಲಿ ಮಗಳು ಅಪ್ಪನ ಖಾಲಿ ಕುರ್ಚಿಯ ತೋಳನ್ನು ಹಿಡಿದಿದ್ದಾಳೆ, ನಾಲ್ಕು ಬೆರಳು ನಾಟಿ ಹಿಡಿದಿದ್ದಾಳೆ, ಅವಳ ಮುಖದಲ್ಲಿ ಬಣ್ಣವೇ ಇಲ್ಲ.

ಟಕ್. ಚಪ್ಪಾಳೆ ಶುರುವಾಯಿತು, ಸಾಕಣ್ಣ ಅಂದರು ಸಿಸ್ಟರು ನಗುತ್ತ, ಟಕ್, ಟಕ್, ನಮ್ಮ ಅಣ್ಣನ ಉತ್ಸಾಹ ನೋಡಿ ಅಂದಳು ನಿರೂಪಕಿ, ಒಂದಷ್ಟು ಜನ ನಕ್ಕರು, ಟಕ್, ಆ ಡ್ರೈವರ್ ಬರುವಷ್ಟು ಹೊತ್ತು ಒತ್ತಿದ್ದರೆ, ಅಷ್ಟೇ ಅಷ್ಟು ಹೊತ್ತು, ಬೆಳಗಿನಿಂದ ರಾಶಿ ರಾಶಿ ಹಿಟ್ಟು ನಾದುವ ಕೈಗೆ ಅದೇನು ದೊಡ್ಡದು, ಬದುಕುತ್ತಿದ್ದಳು ಅಂತ ಯಾರೂ ಹೇಳಿಲ್ಲ, ಬದುಕುತ್ತಿರಲಿಲ್ಲ ಅಂತಲೂ ಯಾರೂ ಹೇಳಲಾರರು, ಕೂದಲು ಸವರುತ್ತ ಕೂತಿದ್ದೆನಲ್ಲೇ, ಬರ್ತಾರೆ ಬರ್ತಾರೆ ಅಂತ ಕೂತಿದ್ದೆನಲ್ಲೇ, ಟಕ್, ಮಗಳಿಗೆ ಏನು ಹೇಳಲಿ, ನೀನಲ್ಲ ಪುಟ್ಟಿ, ನಾನು, ನೀನು ಎಳೆದೆ, ಎತ್ತಿದ್ದು ನಾನು, ನಂಬುತ್ತಾಳೆಯೇ, ಇನ್ನು ಜೀವವಿರುವ ತನಕ ನಂಬುವುದಿಲ್ಲ, ಟಕ್, ಚಪ್ಪಾಳೆ ಒಂದೊಂದಾಗಿ ನಿಂತಿತು, ಅಣ್ಣ, ಸಾಕು, ಏಳಿ, ಸಿಸ್ಟರ ದನಿಯಲ್ಲಿ ನಗು ಹೋಗಿದೆ, ಅಣ್ಣ, ಏನಾಯ್ತಣ್ಣ — ಮೆಟ್ಟಿಲ ಮೇಲೆ ಯಾರದೋ ಓಟ, ಚಪ್ಪಲಿಯ ಸದ್ದು ಗೊತ್ತು ಅವನಿಗೆ, ಮೊಣಕೈಗೆ ಬೆರಳು ಬಂದವು, ಅದೇ ನಾಲ್ಕು ಬೆರಳು, ಅದೇ ಜಾಗ, ಆದರೆ ಈ ಸಲ ಎಳೆಯುತ್ತಿಲ್ಲ, ಸುಮ್ಮನೆ ಹಿಡಿದಿವೆ, ಅವಳಿಗೂ ಎಲ್ಲ ಗೊತ್ತಾಗಿದೆ, ಬಿಡು ಅನ್ನುವ ಬಾಯಿ ಇನ್ನು ಅವಳಿಗಿಲ್ಲ, ಟಕ್, ಕೈ ಎತ್ತಬಾರದು, ಕೈ ತೊಳೆದು ಬಂದಿದ್ದೇನೆ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆದು ಬಂದಿದ್ದೇನೆ, ಆದರೂ ಎತ್ತಬಾರದು, ಎತ್ತಿದರೆ ಕೆಳಗೆ ಅದು ಇರುತ್ತದೆ, ಕಡುನೀಲಿಯ ಮೇಲೆ, ನಟ್ಟನಡುವೆ, ಐದೂ ಬೆರಳು ಬಿಡಿಬಿಡಿಯಾಗಿ, ಒಂದು ಬಿಳಿ ಅಂಗೈ, ಸರಿಯಾದ ಜಾಗದಲ್ಲೇ, ಒಂದು ಬಿಳಿ ಅಂಗೈ